ಭೇದಿ ನಿಂತಿತು, ಮಗು ಬೆಳೆಯಿತೇ?

ಮಳೆಗಾಲ ಶುರುವಾದರೆ ಮಕ್ಕಳ ವೈದ್ಯರ ಬಳಿ ಬರುವ ತಾಯಂದಿರ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. "ಮೂರು ದಿನದಿಂದ ಭೇದಿ ಡಾಕ್ಟ್ರೇ. ಹಾಲು ನಿಲ್ಲಿಸಿಬಿಟ್ಟಿದೀವಿ, ಊಟ ಏನೂ ಕೊಟ್ಟಿಲ್ಲ. ಬರೀ ಗಂಜಿ ತಿಳಿ." ಈ ಮಾತನ್ನು ಆಕೆ ಹೇಳುವುದು ತನ್ನ ಕರ್ತವ್ಯ ಮಾಡಿದ ಸಮಾಧಾನದಿಂದ. ಜೊತೆಗೆ ಬಂದ ಅಜ್ಜಿ ತಲೆಯಾಡಿಸುತ್ತಾರೆ. ಲಂಘನಂ ಪರಮೌಷಧಂ ಎಂದು ಅವರು ಕೇಳಿಕೊಂಡೇ ಬೆಳೆದವರು.

ಎರಡು ಮೂರು ದಿನಗಳಲ್ಲಿ ಭೇದಿ ನಿಲ್ಲುತ್ತದೆ. ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಎರಡು ವರ್ಷದೊಳಗಿನ ಮಗುವಿದ್ದರೆ ಒಂದು ಕೆಲಸ ಮಾಡಿ. ತಾಯಿ ಕಾರ್ಡಿನಲ್ಲಿ ಅಂಗನವಾಡಿಯವರು ಗುರುತಿಸಿರುವ ತೂಕದ ಗೆರೆಯನ್ನು ನೋಡಿ. ಅದು ಎಲ್ಲಿ ಮೇಲೇರದೆ ಅಡ್ಡಕ್ಕೆ ಸಾಗಿದೆಯೋ ಆ ತಿಂಗಳಲ್ಲಿ ಮಗುವಿಗೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ. ಅನೇಕ ಮನೆಗಳಲ್ಲಿ ಉತ್ತರ ಭೇದಿಯೇ ಆಗಿರುತ್ತದೆ.

ಭೇದಿಯಿಂದ ಮಗುವಿನ ಜೀವಕ್ಕೆ ಅಪಾಯ ಬರುವುದು ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ. ಇದು ಈಗ ಬಹುಪಾಲು ಜನಕ್ಕೆ ಗೊತ್ತಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ಡ್ರಿಪ್ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಅದೇ ಇಂದಿನ ಓ.ಆರ್.ಎಸ್. 1980ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 46 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದರೆಂಬ ಅಂದಾಜಿತ್ತು. ಈಗ ಅದು ನಾಲ್ಕು ಲಕ್ಷ ಚಿಲ್ಲರೆಗೆ ಇಳಿದಿದೆ. ಉಳಿದ ಮಕ್ಕಳ ಬೆಳವಣಿಗೆಯ ಬಗ್ಗೆ ಮಾತ್ರ ನಾವು ಅಷ್ಟಾಗಿ ವಿಚಾರಿಸುವುದಿಲ್ಲ.

ಗ್ವಾಟೆಮಾಲಾದ ಒಂದು ಹಳ್ಳಿ

ಇದನ್ನು ಅತ್ಯಂತ ತಾಳ್ಮೆಯಿಂದ ವಿಚಾರಿಸಿದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ. ಅಲ್ಲಿನ ಬೆಟ್ಟಸೀಮೆಯಲ್ಲಿ ಸಾಂತಾ ಮರಿಯಾ ಕೌಕೆ ಎಂಬ ಮಾಯಾ ಜನರ ಹಳ್ಳಿಯಿದೆ. ಮೆಕ್ಕೆಜೋಳದ ರೊಟ್ಟಿ ಮತ್ತು ಕಪ್ಪು ಬೀನ್ಸ್ ಕಾಳು ಅವರ ಮುಖ್ಯ ಆಹಾರ. 1960ರ ದಶಕದಲ್ಲಿ ಲಿಯೊನಾರ್ಡೊ ಮಾತಾ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಹಳ್ಳಿಯಲ್ಲಿ ಹುಟ್ಟಿದ ಮಕ್ಕಳನ್ನು ಹುಟ್ಟಿದ ದಿನದಿಂದಲೇ ಗಮನಿಸತೊಡಗಿದರು. ತೂಕ, ಉದ್ದ, ಮಲಪರೀಕ್ಷೆ, ಕಾಯಿಲೆ, ಊಟ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟರು. 1978ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು.

ಆ ಕೆಲಸದಲ್ಲಿ ಒಂದೇ ಒಂದು ಮಗುವಿನ ನಕ್ಷೆ ಬಹಳ ಪ್ರಸಿದ್ಧವಾಯಿತು. ಮೇಲೆ ಮಗುವಿನ ತೂಕದ ಗೆರೆ. ಅದರ ಕೆಳಗೆ ಮಗುವಿಗೆ ಬಂದ ಒಂದೊಂದು ಕಾಯಿಲೆಗೂ ಒಂದೊಂದು ಅಡ್ಡಪಟ್ಟಿ. ಮೊದಲ ಆರು ತಿಂಗಳು ತಾಯಿಯ ಹಾಲಿನಲ್ಲಿ ಬೆಳೆದ ಕೂಸಿನ ತೂಕ, ಅನುಕೂಲಸ್ಥ ದೇಶಗಳ ಕೂಸುಗಳ ತೂಕದ ಸಮೀಪದಲ್ಲೇ ಏರುತ್ತದೆ. ಆಮೇಲೆ ಪಟ್ಟಿಗಳು ಒಂದರ ಪಕ್ಕ ಒಂದು ಒತ್ತಾಗಿ ಬರತೊಡಗುತ್ತವೆ. ಭೇದಿ, ಎದೆಯ ಸೋಂಕು, ಮತ್ತೆ ಭೇದಿ. ಗೆರೆ ಬಾಗಿ, ತಿಂಗಳುಗಟ್ಟಲೆ ಅಲ್ಲಲ್ಲೇ ಉಳಿಯುತ್ತದೆ. ಯಾವ ಒಂದು ಭೇದಿಯೂ ಆ ಮಗುವನ್ನು ಕೊಂದಿಲ್ಲ. ಒಂದು ವಾಸಿಯಾಗಿ ಶರೀರ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದಿದೆ.

ನಮ್ಮ ದೇಶದಲ್ಲೂ ಇದೇ ಕಾಲದಲ್ಲಿ ಇದು ಬೆಳಕಿಗೆ ಬಂದಿತ್ತು. ಪಂಜಾಬಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ಗಾರ್ಡನ್, ಚಿಟ್ಕಾರಾ ಮತ್ತು ವೈಯನ್ ಎಂಬ ಸಂಶೋಧಕರು 1963ರಲ್ಲಿ, ಎದೆಹಾಲಿನ ಜೊತೆಗೆ ಬೇರೆ ಆಹಾರ ಶುರುವಾಗುವ ವಯಸ್ಸಿನ ಭೇದಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ನಮ್ಮಲ್ಲಿ ಇದನ್ನೇ 'ಹಲ್ಲು ಬರುವ ಭೇದಿ' ಎನ್ನುತ್ತಾರೆ. ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ. ಆರರಿಂದ ಹನ್ನೆರಡು ತಿಂಗಳಿನಲ್ಲಿ ಹಲ್ಲೂ ಬರುತ್ತದೆ, ಮಗು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡಲೂ ಕಲಿಯುತ್ತದೆ. ಹೊರಗಿನ ಊಟ, ಬಾಟಲಿ, ಲೋಟ, ಕೈ ಎಲ್ಲದರ ಮೂಲಕ ರೋಗಾಣು ಒಳಸೇರುವುದು ಆಗಲೇ.

ಕರುಳಿನೊಳಗೆ ಏನಾಗುತ್ತದೆ?

ಸಣ್ಣ ಕರುಳಿನ ಒಳಮೈ ಮಖಮಲ್ ಬಟ್ಟೆಯ ಹಾಗಿರುತ್ತದೆ. ಅದರ ಸೂಕ್ಷ್ಮ ಎಳೆಗಳೇ ಆಹಾರದ ಸಾರವನ್ನು ಹೀರಿಕೊಳ್ಳುವುದು. ರೋಟಾ ವೈರಸ್ಸಿನಂತಹ ಸೋಂಕು ತಗುಲಿದಾಗ ಈ ಎಳೆಗಳು ಸವೆದು ಮೊಂಡಾಗುತ್ತವೆ. ತಿಂದದ್ದು ಪೂರ್ತಿ ಹೀರಿಕೆಯಾಗದು. ಸತುವಿನಂತಹ ಖನಿಜಗಳು ಮಲದಲ್ಲಿ ಸೋರಿಹೋಗುತ್ತವೆ. ಜ್ವರವಿದ್ದರೆ ಶರೀರ ಇದ್ದ ಶಕ್ತಿಯನ್ನೂ ಬೇಗ ಖರ್ಚು ಮಾಡುತ್ತದೆ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಹಸಿವಿಲ್ಲದಿರುವುದು. ಮಗು ತಾನಾಗಿ ಕಡಿಮೆ ತಿನ್ನುತ್ತದೆ, ಮೇಲೆ ನಾವು ಪಥ್ಯ ಹಾಕುತ್ತೇವೆ. ಕರುಳಿನ ಎಳೆಗಳು ಮತ್ತೆ ಚಿಗುರಬೇಕಾದರೆ ಕರುಳಿನೊಳಗೆ ಆಹಾರ ಬರುತ್ತಿರಬೇಕು. ಉಪವಾಸ ಕೆಡವಿದರೆ ಕರುಳಿಗೆ ವಿಶ್ರಾಂತಿ ಸಿಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ದುರಸ್ತಿಯೇ ತಡವಾಗುತ್ತದೆ.

ಮೊದಲು ಇಳಿಯುವುದು ತೂಕ. ಎತ್ತರ ಕುಂಠಿತವಾಗುವುದು ನಿಧಾನವಾಗಿ, ಕಣ್ಣಿಗೆ ಕಾಣದ ಹಾಗೆ. 2008ರಲ್ಲಿ ಬಾಂಗ್ಲಾದೇಶ, ಬ್ರೆಜಿಲ್, ಪೆರು, ಘಾನಾ, ಗಿನಿ-ಬಿಸ್ಸೌ ಈ ಐದು ದೇಶಗಳ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಎರಡು ವರ್ಷ ತುಂಬುವ ವೇಳೆಗೆ ಕಾಣುವ ಕುಂಠಿತ ಬೆಳವಣಿಗೆಯಲ್ಲಿ ಸುಮಾರು ಕಾಲು ಭಾಗವನ್ನು ಐದು ಅಥವಾ ಹೆಚ್ಚು ಸಲ ಬಂದ ಭೇದಿಯ ಲೆಕ್ಕಕ್ಕೆ ಹಾಕಬಹುದೆಂದು ಕಂಡುಬಂತು. ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕರ್ನಾಟಕದ ಅಂಕಿಯೂ ಅದೇ. "ನಮ್ಮ ಮನೆತನವೇ ಗಿಡ್ಡ" ಎಂದು ಹೇಳಿ ಸುಮ್ಮನಾಗುವ ಮುನ್ನ ಇದನ್ನು ಯೋಚಿಸಬೇಕು.

ಕಳೆದದ್ದು ಮರಳಿ ಬರುತ್ತದೆಯೇ?

ಬರುತ್ತದೆ. ಇಲ್ಲಿಯೇ ವಿಜ್ಞಾನಿಗಳ ನಡುವೆ ಜಗಳವೂ ನಡೆದಿದೆ. ಬಾಂಗ್ಲಾದೇಶದ ಮತ್ಲಾಬಿನಲ್ಲಿ ಕೆಲಸ ಮಾಡಿದ ಆಂದ್ರೆ ಬ್ರಿಯಾನ್ 1989ರಲ್ಲಿ, ಭೇದಿಯಿಂದಾಗುವ ತೂಕದ ನಷ್ಟ ತಾತ್ಕಾಲಿಕ, ಕೆಲವು ವಾರಗಳಲ್ಲಿ ಮಗು ಅದನ್ನು ತುಂಬಿಕೊಳ್ಳುತ್ತದೆ ಎಂದು ತೋರಿಸಿದರು. ಹಾಗಾದರೆ ಕೌಕೆಯ ಮಗು ಏಕೆ ತುಂಬಿಕೊಳ್ಳಲಿಲ್ಲ? ಇದಕ್ಕೆ ನನಗೆ ಅತ್ಯಂತ ಒಪ್ಪಿಗೆಯಾಗುವ ಉತ್ತರ ಅದೇ ವರ್ಷ ಕೊಲಂಬಿಯಾದ ಬೊಗೊಟಾ ನಗರದ ಬಡ ಕುಟುಂಬಗಳಿಂದ ಬಂತು. ಅಲ್ಲಿ ಕೆಲವು ಕುಟುಂಬಗಳಿಗೆ ಹೆಚ್ಚುವರಿ ಆಹಾರ ಒದಗಿಸಲಾಗಿತ್ತು, ಕೆಲವಕ್ಕೆ ಇಲ್ಲ. ಆಹಾರ ಸಿಗದ ಮಕ್ಕಳಲ್ಲಿ ಭೇದಿ ಹೆಚ್ಚಾದಷ್ಟೂ ಉದ್ದ ಕಡಿಮೆಯಾಗಿತ್ತು. ಹೆಚ್ಚುವರಿ ಆಹಾರ ಸಿಕ್ಕ ಮಕ್ಕಳಲ್ಲಿ ಭೇದಿಯ ಆ ಪೆಟ್ಟು ಉದ್ದದ ಮೇಲೆ ಕಾಣಲೇ ಇಲ್ಲ.

ಅಂದರೆ ಭೇದಿಯ ಮೂರು ದಿನಗಳಿಗಿಂತ ಅದರ ನಂತರದ ಹದಿನೈದು ದಿನಗಳು ಮುಖ್ಯ. ವಾಸಿಯಾದ ಮಗುವಿಗೆ ಎಲ್ಲಿಲ್ಲದ ಹಸಿವು ಹುಟ್ಟುತ್ತದೆ. ಆಗ ತಟ್ಟೆ ತುಂಬಿದ್ದರೆ ಶರೀರ ಎಂದಿಗಿಂತ ವೇಗವಾಗಿ ಬೆಳೆದು ಹಿಂದಿನ ಬಾಕಿ ತೀರಿಸಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ "ಈಗ ತಾನೇ ವಾಸಿಯಾಗಿದೆ, ಇನ್ನೆರಡು ವಾರ ತೆಳ್ಳಗೇ ಇರಲಿ" ಎಂದು ಹಿಡಿತ ಮಾಡಿದರೆ ಆ ಅವಕಾಶ ಕೈತಪ್ಪುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬೇಡಿ. ಮೊದಲ ಸಲ ನೀರಾದ ಕೂಡಲೇ ಓ.ಆರ್.ಎಸ್. ಶುರು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟಕ್ಕೇ ಬೆರೆಸಿ, ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಅಂಗಡಿಯ ರಟ್ಟಿನ ಡಬ್ಬಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಸಕ್ಕರೆ ಹೆಚ್ಚಾಗಿ ಭೇದಿಯೂ ಹೆಚ್ಚಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಿಲ್ಲದ ಪಾನೀಯಗಳ ಮೇಲೆ 'ಓ.ಆರ್.ಎಸ್.' ಎಂದು ಮುದ್ರಿಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ.

ಇನ್ನು ಸತುವಿನ, ಅಂದರೆ ಜಿಂಕ್ ಮಾತ್ರೆ. 2004ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದನ್ನು ಓ.ಆರ್.ಎಸ್. ಜೊತೆಗೆ ಕೊಡಬೇಕೆಂದು ಹೇಳುತ್ತಿವೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳ ಕೂಸಿಗೆ 10 ಮಿ.ಗ್ರಾಂ., ಹದಿನಾಲ್ಕು ದಿನ. ಭೇದಿ ಮೂರನೇ ದಿನವೇ ನಿಂತರೂ ಹದಿನಾಲ್ಕೂ ದಿನ ಕೊಡಬೇಕು. ಇದು ಈಗಿನ ಭೇದಿಯನ್ನು ಬೇಗ ನಿಲ್ಲಿಸುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವ ಸಂಭವವನ್ನೂ ತಗ್ಗಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಕೇಳಿ. ಹೆಚ್ಚಿನ ಭೇದಿಗಳಿಗೆ ಆಂಟಿಬಯಾಟಿಕ್ ಬೇಡ. ದೊಡ್ಡವರು ನುಂಗುವ, ಭೇದಿ ಕಟ್ಟುವ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡಲೇಬಾರದು.

ಊಟದ ವಿಷಯಕ್ಕೆ ಬಂದರೆ, ಆರು ತಿಂಗಳು ದಾಟಿದ ಮಗುವಿಗೆ ಭೇದಿ ಇರುವಾಗಲೂ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು. ಮೆತ್ತಗಿನ ಅನ್ನಕ್ಕೆ ತೊವ್ವೆ ಮತ್ತು ಒಂದು ಚಮಚ ತುಪ್ಪ, ಮೊಸರನ್ನ, ಇಡ್ಲಿ, ಕಿವುಚಿದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಎಲ್ಲವೂ ಆಗುತ್ತದೆ. ಗಂಜಿ ತಿಳಿ ಕುಡಿಯಲು ಒಳ್ಳೆಯದು, ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರೇ. ಅದನ್ನು ಊಟವೆಂದು ಎಣಿಸಬೇಡಿ. ನಮ್ಮ ಅಜ್ಜಿಯರ ಮೊಳಕೆ ರಾಗಿಯ ಸರಿ ಇಲ್ಲಿ ನಿಜಕ್ಕೂ ಜಾಣತನದ ಆಹಾರ. ರಾಗಿ ಮೊಳೆತಾಗ ಅದರಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದೆ ತೆಳುವಾಗಿರುತ್ತದೆ, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಮೊಳಕೆಯನ್ನು ನೆರಳಲ್ಲಿ ಒಣಗಿಸಿ ಬೀಸಿ. ಕೆಂಪಗಾಗುವಂತೆ ಹುರಿದರೆ ಈ ಗುಣ ಹೋಗಿಬಿಡುತ್ತದೆ.

ಭೇದಿ ನಿಂತ ಮೇಲೆ ಎರಡು ವಾರ ಕಾಲ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ. ವೈದ್ಯರ ಚೀಟಿಯಲ್ಲಿ ಬರೆದಿರದ ಔಷಧಿ ಇದು. ಬರೆದುಕೊಡಬೇಕಾಗಿತ್ತು ಎಂದು ನನಗೆ ಅನಿಸುತ್ತದೆ. ಬರೆದುಕೊಟ್ಟರೆ ಅಜ್ಜಿಯೂ ಒಪ್ಪುತ್ತಾರೆ.

ಶೌಚಾಲಯ, ಸಾಬೂನು, ಲಸಿಕೆ

ಊಟ ಮಾಡಿಸುವ ಮುನ್ನ, ಮಗುವಿನ ಮಲ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕೂಸಿನ ಮಲ ಕೊಳಕಲ್ಲ ಎಂಬ ನಂಬಿಕೆ ಓದಿದವರಲ್ಲೂ ಇದೆ. ಅದರಲ್ಲಿ ರೋಗಾಣುಗಳೇನೂ ಕಡಿಮೆಯಿಲ್ಲ. ಅಂಗಳಕ್ಕೆ ಎಸೆಯದೆ ಶೌಚಾಲಯಕ್ಕೆ ಹಾಕಿ. ಹಾಲಿನ ಬಾಟಲಿ ಬದಲು ಲೋಟ, ಚಮಚ ಬಳಸಿ. ರೋಟಾ ವೈರಸ್ ಲಸಿಕೆ 2016ರಿಂದ ಹಂತಹಂತವಾಗಿ ಸರಕಾರಿ ಲಸಿಕೆ ಕಾರ್ಯಕ್ರಮಕ್ಕೆ ಸೇರಿದೆ. ಆರು, ಹತ್ತು, ಹದಿನಾಲ್ಕನೇ ವಾರ ಬಾಯಿಗೆ ಹಾಕಿಸಿ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದು 2018-19ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಮನೆಮನೆಗೆ ಶೌಚಾಲಯ, ಕೈ ತೊಳೆಯುವ ವ್ಯವಸ್ಥೆ, ನೀರಿಗೆ ಕ್ಲೋರಿನ್ ಒದಗಿಸಿದರೂ ಅಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು, ಎತ್ತರ ಹಾಗೇ ಉಳಿಯಿತು. ಪೂರಕ ಆಹಾರ ಪಡೆದ ಮಕ್ಕಳಲ್ಲಿ ಅಲ್ಪಸ್ವಲ್ಪ ಏರಿಕೆ ಕಂಡಿತು. ಭೇದಿಯಿಲ್ಲದೆಯೂ ಕರುಳಿನಲ್ಲಿ ರೋಗಾಣುಗಳು ಮನೆ ಮಾಡಿಕೊಂಡು ಬೆಳವಣಿಗೆಗೆ ಅಡ್ಡಿಯಾಗುತ್ತವೆ ಎಂದು ನಮ್ಮ ವೆಲ್ಲೂರೂ ಸೇರಿದಂತೆ ಎಂಟು ದೇಶಗಳಲ್ಲಿ ನಡೆದ ಅಧ್ಯಯನ ತೋರಿಸಿದೆ. ಒಂದು ಮನೆಯ ಶೌಚಾಲಯದಿಂದ ಇಡೀ ಕೇರಿಯ ಚರಂಡಿ ಶುದ್ಧವಾಗದು. ಅದು ಪಂಚಾಯಿತಿ, ನಗರಸಭೆಗಳ ಕೆಲಸ, ಅವರನ್ನು ಕೇಳುವ ಹಕ್ಕು ನಿಮಗಿದೆ.

ಮಲದಲ್ಲಿ ರಕ್ತ ಕಂಡರೆ, ಕಣ್ಣು ಅಥವಾ ನೆತ್ತಿ ಗುಳಿಬಿದ್ದರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಮಗು ಮಂಕಾಗಿ ಕುಡಿಯಲು ಒಲ್ಲದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲೂ ಓ.ಆರ್.ಎಸ್. ಕುಡಿಸುತ್ತಿರಿ. ಹದಿನಾಲ್ಕು ದಿನ ದಾಟಿದ ಭೇದಿಗೂ ವೈದ್ಯರನ್ನು ಕಾಣಲೇಬೇಕು.

ವಾಸಿಯಾದ ಒಂದು ತಿಂಗಳಿಗೆ ಮಗುವನ್ನು ಅಂಗನವಾಡಿಗೆ ಕರೆದೊಯ್ದು ತೂಕ, ಉದ್ದ ಎರಡನ್ನೂ ಅಳೆಯಿಸಿ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಗೆರೆ ಮತ್ತೆ ಏರಿಲ್ಲವೆಂದಾದರೆ ಆ ಕಾರ್ಡನ್ನೇ ಹಿಡಿದು ವೈದ್ಯರ ಬಳಿಗೆ ಹೋಗಿ.