ಮೂರು ಪತ್ರ, ಆರೆಕರೆ ಹೊಲ

ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರ ಚಾಲುಕ್ಯರ ಕಾಲದ ಶಿವಾಲಯವಿರುವ ಊರು. ಸುತ್ತ ತೊಗರಿ, ಉದ್ದು, ಸೋಯಾ ಬೆಳೆಯುವ ಸೀಮೆ. ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹುಡುಗಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಕುಳಿತಿದ್ದಾಳೆ. ಎರಡು ವರ್ಷದ ಹಿಂದೆ ಮುತ್ಯಾನಿಗೆ ಲಕ್ವ ಹೊಡೆದಾಗ ಅವರ ಕೈಕಾಲಿಗೆ ದಿನವೂ ವ್ಯಾಯಾಮ ಮಾಡಿಸಿದವಳು ಅವಳೇ. ಫಿಸಿಯೋಥೆರಪಿ ಓದಬೇಕೆಂಬ ಹಟ ಆಗಲೇ ಹುಟ್ಟಿತು. ಹೈದರಾಬಾದಿನ ಏಜೆಂಟರೊಬ್ಬರ ಮೂಲಕ ಹಾಕಿದ ಅರ್ಜಿಗಳಿಗೆ ಈಗ ಉತ್ತರ ಬಂದಿದೆ. ಅವಳ ಮೊಬೈಲಿನಲ್ಲಿ ಮೂರು ವಿಶ್ವವಿದ್ಯಾಲಯಗಳ ಮೂರು ಪತ್ರಗಳಿವೆ. ಮನೆಯಲ್ಲಿರುವುದು ಆರೆಕರೆ ಹೊಲ.

ಮೊದಲನೆಯದು ಇಂಗ್ಲೆಂಡಿನದು. ಮೂರು ವರ್ಷದ ಫಿಸಿಯೋಥೆರಪಿ ಪದವಿ, ಷರತ್ತಿನ ಪತ್ರ: ಪಿಯುಸಿಯಲ್ಲಿ ಇಷ್ಟು ಅಂಕ, ಐಇಎಲ್‌ಟಿಎಸ್‌ನಲ್ಲಿ ಇಷ್ಟು ಬ್ಯಾಂಡ್ ಬರಲೇಬೇಕು. ಎರಡನೆಯದೂ ಇಂಗ್ಲೆಂಡಿನದೇ, ಆದರೆ ಶುಲ್ಕ ಕಡಿಮೆ, ಮೇಲೊಂದಿಷ್ಟು ವಿದ್ಯಾರ್ಥಿವೇತನ, ಷರತ್ತುಗಳೂ ಸಡಿಲ. ಮೂರನೆಯದು ಆಸ್ಟ್ರೇಲಿಯಾದ ನಾಲ್ಕು ವರ್ಷದ ಪದವಿ. ಏಜೆಂಟರು ಎರಡನೆಯದಕ್ಕೆ ಇಂದೇ ಹೂಂ ಅನ್ನಿ ಎನ್ನುತ್ತಿದ್ದಾರೆ. ಹುಮನಾಬಾದಿನ ಸೋದರಮಾವ, ಹೋಗುವುದಾದರೆ ಅಮೆರಿಕಕ್ಕೇ ಹೋಗಲಿ ಎನ್ನುತ್ತಾರೆ. ಮುತ್ಯಾನ ಪ್ರಶ್ನೆಯೇ ಬೇರೆ: "ಮಾಲಿಶ್ ಕಲಿಲಾಕ ವಿಲಾಯತಿಗಿ ಹೋಗಬೇಕೇನವ್ವಾ?"

ಮನೆಮಂದಿ ನಕ್ಕುಬಿಡಬಹುದು. ಆದರೆ ಮುತ್ಯಾ ಕೇಳಿದ್ದು ನಗುವ ಪ್ರಶ್ನೆಯಲ್ಲ. ಬ್ರಿಟನ್ನಿನಲ್ಲಿ ಈ ವೃತ್ತಿಯ ಸಂಘ ಹುಟ್ಟಿದ್ದೇ ಇದೇ ಅನುಮಾನದಿಂದ. ಮಾಲಿಶಿನ ಹೆಸರಿನಲ್ಲಿ ಲಂಡನ್ನಿನಲ್ಲಿ ನಡೆಯುತ್ತಿದ್ದ ಅನಾಚಾರಗಳ ಸುದ್ದಿಯಿಂದ ತಮ್ಮ ಕೆಲಸಕ್ಕೂ ಮಸಿ ಹತ್ತೀತೆಂದು ಹೆದರಿದ ನಾಲ್ವರು ದಾದಿಯರು 1894ರಲ್ಲಿ ಒಂದು ಸಂಘ ಕಟ್ಟಿದರು. ಅದೇ ಬೆಳೆದು ಇಂದಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಆಯಿತು. ಯಾರು ತರಬೇತಿ ಪಡೆದವರು, ಯಾರು ಅಲ್ಲ ಎಂದು ಗೆರೆ ಎಳೆಯುವುದು ಅವರ ಉದ್ದೇಶವಾಗಿತ್ತು. ಆ ಗೆರೆ ಇಂದು ಕಾನೂನಾಗಿದೆ. ಬ್ರಿಟನ್ನಿನಲ್ಲಿ 'ಫಿಸಿಯೋಥೆರಪಿಸ್ಟ್' ಎಂಬ ಹೆಸರನ್ನು ಎಚ್‌ಸಿಪಿಸಿ ಎಂಬ ಮಂಡಳಿಯ ನೋಂದಣಿ ಪುಸ್ತಕದಲ್ಲಿ ಇರುವವರು ಮಾತ್ರ ಬಳಸಬಹುದು. ಉಳಿದವರು ಬೋರ್ಡು ಹಾಕಿದರೆ ಅಪರಾಧ. ಆಸ್ಟ್ರೇಲಿಯಾದಲ್ಲಿ ಆ ದೇಶದ ಫಿಸಿಯೋಥೆರಪಿ ಮಂಡಳಿಯ ನೋಂದಣಿ ಬೇಕು.

ಹೆಸರಿನ ಹಿಂದಿನ ಹೆಸರು

ಹೀಗಾಗಿ ಪತ್ರವನ್ನು ಓದಬೇಕಾದದ್ದು ಕೊನೆಯಿಂದ. ವಿಶ್ವವಿದ್ಯಾಲಯ ಪ್ರಪಂಚದಲ್ಲಿ ಎಷ್ಟನೇ ಸ್ಥಾನದಲ್ಲಿದೆ, ಆವರಣ ಎಷ್ಟು ಹಸಿರಾಗಿದೆ ಎಂಬುದೆಲ್ಲ ಆಮೇಲೆ. ಈ ಪದವಿ ಮುಗಿಸಿದವರು ಯಾವ ಮಂಡಳಿಯ ಪುಸ್ತಕದಲ್ಲಿ ಹೆಸರು ಬರೆಸಬಹುದು? ಮೊದಲ ಪ್ರಶ್ನೆ ಇದು.

ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಹುಡುಗಿ ಎರಡನೆಯ ಪತ್ರವನ್ನು ಮತ್ತೊಮ್ಮೆ ಓದಿದಳೆನ್ನಿ. ಆಗ ಕಾಣುತ್ತದೆ: ಅದರಲ್ಲಿ ಫಿಸಿಯೋಥೆರಪಿ ಎಂಬ ಪದವೇ ಇಲ್ಲ. ಇರುವುದು 'ಸ್ಪೋರ್ಟ್ ರಿಹ್ಯಾಬಿಲಿಟೇಷನ್'. ಫಿಸಿಯೋಥೆರಪಿಯ ಸೀಟುಗಳು ಕಡಿಮೆ, ಕೇಳುವವರು ಹೆಚ್ಚು. ಸೀಟು ಕೊಡಲಾಗದಿದ್ದಾಗ ಹತ್ತಿರದ ಇನ್ನೊಂದು ಪದವಿಯನ್ನು ಮುಂದಿಡುವುದು ಅಲ್ಲಿ ರೂಢಿ. ಕ್ರೀಡಾ ಪುನಶ್ಚೇತನ, ವ್ಯಾಯಾಮ ವಿಜ್ಞಾನ, ಆರೋಗ್ಯ ವಿಜ್ಞಾನ – ಇವು ಕೆಟ್ಟ ಪದವಿಗಳೆಂದಲ್ಲ. ಆಟಗಾರರ ನಡುವೆ ದುಡಿಯಬೇಕೆನ್ನುವವರಿಗೆ ಅವು ಚೆನ್ನಾಗಿಯೇ ಒಗ್ಗುತ್ತವೆ. ಆದರೆ ಅವುಗಳಿಂದ ಫಿಸಿಯೋಥೆರಪಿಸ್ಟ್ ಆಗಿ ನೋಂದಣಿ ಸಿಗದು. ಮುಂದೆ ನೋಂದಣಿ ಕೊಡಿಸುವ ಸ್ನಾತಕೋತ್ತರ ಪದವಿಯನ್ನು ಮತ್ತೆ ದುಡ್ಡು ಕೊಟ್ಟು ಓದಬೇಕು. ಅಗ್ಗದ ಪತ್ರ ದುಬಾರಿಯಾಗುವುದು ಹೀಗೆ. ಅಂದಹಾಗೆ, ಏಜೆಂಟರಿಗೆ ಕಮಿಷನ್ ಕೊಡುವುದು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳೇ. ಅವರ ಅವಸರವನ್ನು ಅದರ ಬೆಳಕಿನಲ್ಲಿ ನೋಡಿದರೆ ಸಾಕು.

ಅನುಮಾನ ಪರಿಹಾರಕ್ಕೆ ಏಜೆಂಟರ ಬಾಯಿಮಾತು ಬೇಡ. ಎಚ್‌ಸಿಪಿಸಿ ತಾನು ಒಪ್ಪಿದ ಕೋರ್ಸುಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿದೆ. ಆಸ್ಟ್ರೇಲಿಯಾದ ಮಂಡಳಿಯೂ ಇಟ್ಟಿದೆ. ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಪತ್ರದಲ್ಲಿರುವ ಕೋರ್ಸಿನ ಹೆಸರೇ ಅಕ್ಷರಶಃ ಅಲ್ಲಿರಬೇಕು.

ಇನ್ನು ಸೋದರಮಾವನ ಅಮೆರಿಕದ ಮಾತು. ಅಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಸೇರಿ ಫಿಸಿಯೋಥೆರಪಿಸ್ಟ್ ಆಗುವ ಸ್ನಾತಕ ಪದವಿಯೇ ಇಲ್ಲ. 2016ರಿಂದ ಅಲ್ಲಿ ಈ ವೃತ್ತಿಯ ಪ್ರವೇಶಪದವಿ ಡಿಪಿಟಿ, ಅಂದರೆ ಡಾಕ್ಟರೇಟ್ ದರ್ಜೆಯದು. ಅದಕ್ಕೂ ಮೊದಲು ಬೇರೊಂದು ಪದವಿ ಮುಗಿಸಿರಬೇಕು. ಕೆನಡಾದಲ್ಲಿ ಸ್ನಾತಕೋತ್ತರ ಪದವಿ ಬೇಕು. ಹದಿನೆಂಟರ ಹುಡುಗಿಯ ಮುಂದೆ ನೇರವಾಗಿ ತೆರೆದಿರುವ ಇಂಗ್ಲಿಷ್ ದೇಶಗಳೆಂದರೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಮಾವ ಒಳ್ಳೆಯವರೇ, ಮಾಹಿತಿ ಮಾತ್ರ ಹಳೆಯದು.

ಸಾವಿರ ಗಂಟೆ

ಉಳಿದವು ಎರಡು ಪತ್ರ. ಇವುಗಳ ನಡುವೆ ಆರಿಸಲು ತರಗತಿಗಿಂತ ಆಸ್ಪತ್ರೆಯ ಕಡೆ ನೋಡಬೇಕು. ಬ್ರಿಟನ್ನಿನಲ್ಲಿ ಪದವಿ ಮುಗಿಯುವುದರೊಳಗೆ ಕನಿಷ್ಠ ಒಂದು ಸಾವಿರ ಗಂಟೆ ರೋಗಿಗಳ ನಡುವೆ ಕಲಿಯಬೇಕೆಂದು ಚಾರ್ಟರ್ಡ್ ಸೊಸೈಟಿ ನಿಗದಿ ಮಾಡಿದೆ. ಮೂಳೆ ಮುರಿದವರು, ಎದೆಯ ಕಾಯಿಲೆಯವರು, ಲಕ್ವ ಹೊಡೆದವರು, ಎದ್ದು ಕೂರಲಾರದ ವೃದ್ಧರು – ಎಲ್ಲ ಬಗೆಯವರನ್ನೂ ಕಾಣಬೇಕು. ಈ ಅವಧಿಯನ್ನು ಅಲ್ಲಿ ಪ್ಲೇಸ್‌ಮೆಂಟ್ ಎನ್ನುತ್ತಾರೆ. ನಮ್ಮಲ್ಲಿ ಪ್ಲೇಸ್‌ಮೆಂಟ್ ಎಂದರೆ ಕ್ಯಾಂಪಸ್ಸಿನಲ್ಲಿ ಸಿಗುವ ನೌಕರಿ. ಅಲ್ಲಿ ಹಾಗಲ್ಲ, ಇದು ಸಂಬಳವಿಲ್ಲದ ದುಡಿಮೆ. ವಾರಗಟ್ಟಲೆ, ಪೂರ್ತಿ ದಿನ. ಆಸ್ಪತ್ರೆ ಕಾಲೇಜಿನ ಪಕ್ಕದಲ್ಲೇ ಇರಬೇಕೆಂದಿಲ್ಲ. ಬೆಳಗಿನ ಕತ್ತಲಲ್ಲಿ ಎರಡು ಬಸ್ಸು ಬದಲಿಸಿ ಹೋಗಬೇಕಾದೀತು.

ಇಲ್ಲಿ ಮನೆಯ ಲೆಕ್ಕ ತಪ್ಪುವುದುಂಟು. ಓದುತ್ತ ದುಡಿದರೆ ಊಟ-ಬಾಡಿಗೆ ಕಳೆಯುತ್ತದೆ ಎಂದು ಹೇಳಿದವರು ಸುಳ್ಳು ಹೇಳಿಲ್ಲ. ಬ್ರಿಟನ್ನಿನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ ದುಡಿಯಲು ವಿದೇಶಿ ವಿದ್ಯಾರ್ಥಿಗಳಿಗೆ ಅನುಮತಿ ಇದೆ. ಆದರೆ ದಿನವಿಡೀ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಕೂರಿಸಿದವಳು ಸಂಜೆ ಹೋಟೆಲಿನಲ್ಲಿ ತಟ್ಟೆ ತೊಳೆಯುವುದು ಎಷ್ಟು ದಿನ ನಡೆದೀತು? ಬಿಕಾಂ ಓದಲು ಹೋದವರ ಲೆಕ್ಕವನ್ನು ಫಿಸಿಯೋಥೆರಪಿ ಓದುವವರಿಗೆ ಹಚ್ಚಬಾರದು.

ಭಾಷೆಯ ಮಾತೂ ಇದೆ. ಬೀದರ ಸೀಮೆಯ ಮಕ್ಕಳಿಗೆ ಭಾಷೆಯ ಭಯವಿಲ್ಲ. ಹುಮನಾಬಾದಿನ ಸಂತೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಉಸಿರಿನಲ್ಲಿ ನಡೆಯುತ್ತವೆ. ಆದರೂ ಪುಸ್ತಕದ ಇಂಗ್ಲಿಷ್ ಬೇರೆ, ನಡುನೋವಿನ ಮುದುಕಿ ಹಲ್ಲಿನ ಸೆಟ್ಟು ತೆಗೆದಿಟ್ಟು ಆಡುವ ಯಾರ್ಕ್‌ಶೈರಿನ ಇಂಗ್ಲಿಷ್ ಬೇರೆ. ನೋವು ಚುಚ್ಚುವುದೋ, ಸೆಳೆಯುವುದೋ, ಉರಿಯುವುದೋ ಎಂದು ಮಾತಿನಿಂದಲೇ ತಿಳಿಯಬೇಕಾದ ವೃತ್ತಿ ಇದು. ಈ ಪದವಿಗೆ ಅನೇಕ ವಿಶ್ವವಿದ್ಯಾಲಯಗಳು ಐಇಎಲ್‌ಟಿಎಸ್‌ನಲ್ಲಿ 7ನ್ನೇ ಕೇಳುವುದು ಸುಮ್ಮನೆ ಅಲ್ಲ.

ಹೊಲದ ಲೆಕ್ಕ

ಈಗ ಹಣ. ಇಂಗ್ಲೆಂಡಿನ ಪತ್ರದಲ್ಲಿ ವರ್ಷದ ಶುಲ್ಕ 20 ಸಾವಿರ ಪೌಂಡ್ ಎಂದಿಟ್ಟುಕೊಳ್ಳಿ. ಪೌಂಡಿಗೆ ನೂರಿಪ್ಪತ್ತು ರೂಪಾಯಿ ಹಿಡಿದರೆ 24 ಲಕ್ಷ. ಮೂರು ವರ್ಷಕ್ಕೆ 72 ಲಕ್ಷ. ಊಟ, ಬಾಡಿಗೆ, ವೀಸಾ, ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ ಸೇರಿದರೆ ಒಂದು ಕೋಟಿ ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಪದವಿಗೆ ವರ್ಷಕ್ಕೆ 40 ಸಾವಿರ ಡಾಲರ್ ದಾಟುವುದು ಸಾಮಾನ್ಯ, ಮೇಲಾಗಿ ನಾಲ್ಕು ವರ್ಷ. 2024ರ ಮೇ ತಿಂಗಳಿಂದ ಅಲ್ಲಿನ ಸರ್ಕಾರ ಒಂದು ವರ್ಷದ ಜೀವನಖರ್ಚಿಗೆಂದೇ 29,710 ಡಾಲರ್ ತೋರಿಸಿ ಎನ್ನುತ್ತಿದೆ. ವೀಸಾ ಅರ್ಜಿಯ ಶುಲ್ಕವೇ 2025ರ ಜುಲೈಯಲ್ಲಿ 2,000 ಡಾಲರಿಗೆ ಏರಿತು. ವೀಸಾ ಸಿಗದಿದ್ದರೆ ಅದೂ ಹೋಯಿತು.

ಬ್ರಿಟನ್ನಿನ ವೀಸಾಕ್ಕೆ ಮೊದಲ ವರ್ಷದ ಬಾಕಿ ಶುಲ್ಕ ಹಾಗೂ ಒಂಬತ್ತು ತಿಂಗಳ ಖರ್ಚಿನ ಹಣ ಖಾತೆಯಲ್ಲಿ 28 ದಿನ ಅಲುಗಾಡದೆ ಕೂತಿರಬೇಕು. ತೊಗರಿ ಮಾರಿದ ದುಡ್ಡು ಬೆಳಿಗ್ಗೆ ಬಂದು ಸಂಜೆ ಗೊಬ್ಬರದಂಗಡಿಗೆ ಹೋಗುವ ಮನೆಯಲ್ಲಿ 28 ದಿನ ಎಂದರೆ ಒಂದು ಯುಗ. ಶಿಕ್ಷಣ ಸಾಲ ಕೇಳಿದರೆ, ದೊಡ್ಡ ಮೊತ್ತಕ್ಕೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. ಪಹಣಿ ತೆಗೆದುಕೊಂಡು ಹೋದ ಅಪ್ಪನಿಗೆ ತಿಳಿಯುವುದೇನೆಂದರೆ, ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಸಾಲಕ್ಕೆ ಕೃಷಿ ಜಮೀನನ್ನು ಅಡವು ಒಪ್ಪುವುದಿಲ್ಲ. ಊರಿನ ಮನೆ, ಪಟ್ಟಣದ ಪ್ಲಾಟು ಇದ್ದರೆ ಸರಿ. ಇಲ್ಲದಿದ್ದರೆ ಉಳಿಯುವುದು ಹೊಲ ಮಾರುವ ದಾರಿ. ಮಾತು ಅಲ್ಲಿಗೆ ಬಂದಾಗ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಹೊಲ ಹೋದರೂ ಮಗಳು ದುಡಿದು ತುಂಬಿಕೊಡುತ್ತಾಳೆ ಎನ್ನುವುದಾದರೆ ದುಡಿಯಲು ಸಿಗುವ ಕಾಲ ಎಷ್ಟೆಂದು ನೋಡಬೇಕು. ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ಉಳಿಯಲು ಸಿಗುತ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳಿಗೆ ಇಳಿಸಲಾಗಿದೆ. ಅಷ್ಟರೊಳಗೆ ವೀಸಾಕ್ಕೆ ಬೆಂಬಲ ಕೊಡುವ ನೌಕರಿ ಹಿಡಿಯಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ಫಿಸಿಯೋಥೆರಪಿಸ್ಟಿನ ವೇತನ 2025ರಲ್ಲಿ ವರ್ಷಕ್ಕೆ 31 ಸಾವಿರ ಪೌಂಡಿನಷ್ಟಿತ್ತು. ಇಲ್ಲಿಂದ ನೋಡಿದರೆ ದೊಡ್ಡ ಮೊತ್ತವೇ. ಆದರೆ ಅದೇ ವರ್ಷ, ಹೊಸಬರಿಗೆ ಮೊದಲ ಹುದ್ದೆ ಸಿಗುತ್ತಿಲ್ಲವೆಂಬ ದೂರು ಅಲ್ಲಿನ ವೃತ್ತಿಸಂಘದಿಂದಲೇ ಕೇಳಿಬಂತು.

ಮರಳಿ ಬಂದರೆ?

ಮುತ್ಯಾನ ಎರಡನೆಯ ಪ್ರಶ್ನೆ ಇನ್ನೂ ಹರಿತ: "ಅಲ್ಲಿ ಓದಿ ಬಂದ್ರ ಇಲ್ಲಿ ನನ್ನ ಕಾಲಿಗಿ ಕೈ ಹಚ್ಚಲಾಕ ಕಾಗದ ಕೊಡ್ತಾರೇನು?"

2021ರ ಕಾಯ್ದೆ ಬರುವವರೆಗೆ ನಮ್ಮ ದೇಶದಲ್ಲಿ ಫಿಸಿಯೋಥೆರಪಿಸ್ಟರಿಗೆ ಕೇಂದ್ರ ಮಟ್ಟದ ಮಂಡಳಿಯೇ ಇರಲಿಲ್ಲ. ಆ ಕಾಯ್ದೆಯಿಂದ ರಾಷ್ಟ್ರೀಯ ಆಯೋಗ, ರಾಜ್ಯ ಮಂಡಳಿ, ನೋಂದಣಿ ಎಲ್ಲವೂ ಬಂದವು; ವಿದೇಶದ ಪದವಿಗಳನ್ನು ಒಪ್ಪುವ ಅಧಿಕಾರವೂ ಆಯೋಗದ ಕೈಗೆ ಬಂತು. ನಾಲ್ಕೂವರೆ ವರ್ಷದ್ದಾಗಿದ್ದ ಬಿಪಿಟಿ ಪದವಿ, 2025ರಲ್ಲಿ ಪ್ರಕಟವಾದ ಹೊಸ ಪಠ್ಯಕ್ರಮದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷದ್ದಾಗಿದೆ. ಇಂಗ್ಲೆಂಡಿನದು ಮೂರು, ಆಸ್ಟ್ರೇಲಿಯಾದ್ದು ನಾಲ್ಕು. ಊರಿಗೆ ಮರಳುವ ಮನಸ್ಸಿರುವವರು ಶುಲ್ಕ ಕಟ್ಟುವ ಮೊದಲೇ ಆಯೋಗಕ್ಕೆ ಬರೆದು ಕೇಳಿ, ಉತ್ತರವನ್ನು ಕೈಯಲ್ಲಿ ಹಿಡಿದಿರಬೇಕು. ಫೋನಿನಲ್ಲಿ ಕೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತಿದ್ದಾಳಲ್ಲ. ಬರೆದದ್ದೇ ಉಳಿಯುತ್ತದೆಂಬುದು ಈ ಸೀಮೆಗೆ ಹೊಸ ಮಾತಲ್ಲ.

ಪತ್ರವೇ ಇಲ್ಲದ ನಾಲ್ಕನೆಯ ದಾರಿಯೂ ಒಂದಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಮೀಸಲು. ಅದಕ್ಕೆ ಬೇಕಾದ ಪ್ರಮಾಣಪತ್ರ ಬಸವಕಲ್ಯಾಣದ ಉಪವಿಭಾಗಾಧಿಕಾರಿ ಕಚೇರಿಯಲ್ಲೇ ಸಿಗುತ್ತದೆ. ಇಂಗ್ಲೆಂಡಿನ ಒಂದೇ ವರ್ಷದ ಶುಲ್ಕದಲ್ಲಿ ಇಲ್ಲಿ ಇಡೀ ಬಿಪಿಟಿ ಮುಗಿದೀತು. ಆಮೇಲೆ ಹೊರದೇಶಕ್ಕೆ ಹೋಗಬಾರದೆಂದೇನೂ ಇಲ್ಲ. ಭಾರತದ ಪದವಿಯ ಮೇಲೆಯೇ ಎಚ್‌ಸಿಪಿಸಿ ನೋಂದಣಿಗೆ ಅರ್ಜಿ ಹಾಕಬಹುದು. ಆಸ್ಟ್ರೇಲಿಯಾಕ್ಕಾದರೆ ಅಲ್ಲಿನ ಕೌನ್ಸಿಲಿನ ಪರೀಕ್ಷೆ ಪಾಸಾಗಬೇಕು. ದಾರಿ ಉದ್ದ, ಆದರೆ ಹೊಲ ಉಳಿಯುತ್ತದೆ. ಹಾಗೆಂದು ಇದೇ ಸರಿಯೆಂದು ತೀರ್ಪು ಕೊಡುವುದು ಅನ್ಯಾಯವಾದೀತು. ಸಾವಿರ ಗಂಟೆಯ ಪ್ಲೇಸ್‌ಮೆಂಟಿನಲ್ಲಿ ಸಿಗುವ ಕಲಿಕೆ, ಹದಿನೆಂಟರಲ್ಲೇ ಒಬ್ಬಳೇ ನಿಂತು ಗಳಿಸುವ ಧೈರ್ಯ – ಇವಕ್ಕೂ ಬೆಲೆಯಿದೆ. ಪಟ್ಟಣದಲ್ಲಿ ಮನೆಯಿದ್ದು ಬ್ಯಾಂಕು ಸಾಲ ಕೊಡುವ ಕುಟುಂಬಕ್ಕೆ ಇಂಗ್ಲೆಂಡಿನ ಮೊದಲ ಪತ್ರ ನಿಜವಾಗಿಯೂ ಒಳ್ಳೆಯ ಪತ್ರ. ಆರೆಕರೆ ಮಾರಿ ಹೋಗುವವಳಿಗೆ ಅದೇ ಪತ್ರ ಒಂದು ಜೂಜು. ಪತ್ರ ಒಂದೇ, ಓದುವ ಮನೆ ಬೇರೆ.

ಇಂಗ್ಲೆಂಡಿನ ಸ್ನಾತಕ ಪದವಿಯ ಅರ್ಜಿಗಳು ಸಾಮಾನ್ಯವಾಗಿ ಹಾದುಹೋಗುವ ಯೂಕಾಸ್ ಎಂಬ ಸಂಸ್ಥೆ, ಬಂದ ಪತ್ರಗಳಲ್ಲಿ ಒಂದನ್ನು ಮೊದಲ ಆಯ್ಕೆಯಾಗಿ, ಇನ್ನೊಂದನ್ನು 'ಇನ್ಶೂರೆನ್ಸ್' ಆಯ್ಕೆಯಾಗಿ ಇಟ್ಟುಕೊಳ್ಳಲು ಬಿಡುತ್ತದೆ. ಎಲ್‌ಐಸಿಗೂ ಇದಕ್ಕೂ ಸಂಬಂಧವಿಲ್ಲ. ಅಂಕ ಕಡಿಮೆ ಬಿದ್ದು ಮೊದಲನೆಯದು ತಪ್ಪಿದರೆ ಕೈಹಿಡಿಯುವ ಎರಡನೆಯದು, ಅಷ್ಟೇ. ಏಜೆಂಟರ ಮಾತು ಕೇಳಿ ಆ ಜಾಗದಲ್ಲಿ ಕ್ರೀಡಾ ಪುನಶ್ಚೇತನದ ಪತ್ರವನ್ನು ಇಟ್ಟಿದ್ದರೆ, ಅಂಕ ಕಡಿಮೆ ಬಿದ್ದ ದಿನ ಅದೇ ಅವಳ ಪಾಲಿಗೆ ಗಟ್ಟಿಯಾಗುತ್ತಿತ್ತು.

ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಇಂಗ್ಲೆಂಡಿಗೆ ಒಂದು, ದೆಹಲಿಯ ಆಯೋಗಕ್ಕೆ ಒಂದು ಇ-ಮೇಲ್ ಕಳಿಸಿದ್ದಾಳೆ. ನಾಳೆ ಅಪ್ಪನ ಜೊತೆ 371(ಜೆ) ಅರ್ಜಿ ಹಿಡಿದು ಬಸವಕಲ್ಯಾಣಕ್ಕೆ ಹೋಗಬೇಕು. ಅಷ್ಟರಲ್ಲಿ ಮುತ್ಯಾನ ವ್ಯಾಯಾಮದ ಹೊತ್ತಾಗಿದೆ. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು.