ಅನ್ಯಾಯವನ್ನು ಅಂಕಿಗಳಲ್ಲಿ ಅಳೆದ ವಕೀಲರು

ಪೀಣ್ಯದ ಕಾರ್ಖಾನೆಗಳಲ್ಲಿಯೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಲ್ಲಿಯೂ ದುಡಿಯುತ್ತಿರುವ ತರುಣ ತರುಣಿಯರಲ್ಲಿ, ತಮ್ಮ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅನೇಕರಿದ್ದಾರೆ. ಆ ಮೆಟ್ಟಿಲನ್ನು ಕಟ್ಟಿದವರಲ್ಲೊಬ್ಬರು ದಿವಂಗತ ಎಲ್. ಜಿ. ಹಾವನೂರರು. ಅವರ ಹೆಸರನ್ನು ಈ ತರುಣರಲ್ಲಿ ಎಷ್ಟು ಮಂದಿ ಕೇಳಿರುವರೋ!

ರಾಣೆಬೆನ್ನೂರಿನ ಕಡೆಯ ಹಾವನೂರರು ವೃತ್ತಿಯಿಂದ ವಕೀಲರು; ನಾಯಕ ಸಮುದಾಯದಲ್ಲಿ ಜನಿಸಿದವರು. ಹಿಂದುಳಿದವರ ಪ್ರಶ್ನೆಯೇನೂ ಈ ನಾಡಿಗೆ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಷ್ಟು ಹಿಂದೆಯೇ, ಮಿಲ್ಲರ್ ಸಮಿತಿಯು ಇದನ್ನು ಪರಿಶೀಲಿಸಿತ್ತು. ಆದರೆ 1962ರಲ್ಲಿ ಬಾಲಾಜಿ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರ್ಕಾರದ ಮೀಸಲಾತಿ ಆದೇಶವನ್ನು ತಳ್ಳಿಹಾಕಿತು. ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಾಗದು, ಮೀಸಲು ಸ್ಥಾನಗಳು ಸಾಮಾನ್ಯವಾಗಿ ಶೇಕಡಾ 50ನ್ನು ಮೀರಬಾರದು ಎಂಬುದು ನ್ಯಾಯಾಲಯದ ಅಭಿಪ್ರಾಯ. ಹೀಗಾಗಿ ಬರಿಯ ಅಳಲು ಸಾಲದಾಯಿತು, ಪುರಾವೆ ಬೇಕಾಯಿತು.

1972ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗಕ್ಕೆ ಹಾವನೂರರು ಅಧ್ಯಕ್ಷರಾದರು. ವಕೀಲರಾದವರಿಗೆ ಸಾಕ್ಷ್ಯದ ಬೆಲೆ ತಿಳಿಯದೆ? ಹಳ್ಳಿ ಪಟ್ಟಣಗಳಲ್ಲಿ ಸಮೀಕ್ಷೆ ನಡೆಯಿತು. ಯಾವ ಸಮುದಾಯದಿಂದ ಎಷ್ಟು ಮಕ್ಕಳು ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿದ್ದಾರೆ, ಸರ್ಕಾರಿ ಕಚೇರಿಗಳಲ್ಲಿ ಯಾರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಆಯೋಗವು ಲೆಕ್ಕ ಹಾಕಿತು. 1975ರಲ್ಲಿ ಒಪ್ಪಿಸಿದ ವರದಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ 16, ಜಾತಿಗಳಿಗೆ 10, ಬುಡಕಟ್ಟುಗಳಿಗೆ 6, ಅಂತೂ ಶೇಕಡಾ 32 ಸ್ಥಾನಗಳನ್ನು ಸೂಚಿಸಿತು.

ಪಟ್ಟಿಯಿಂದ ಹೊರಗುಳಿದವರು ಕೆರಳಿದರು. ಬಡತನವನ್ನೇ ಅಳತೆಗೋಲಾಗಿಸಬೇಕೆಂದು ವಾದಿಸಿದವರೂ ಉಂಟು. 1977ರಲ್ಲಿ ಸರ್ಕಾರವು ಕೆಲವು ಬದಲಾವಣೆಗಳೊಡನೆ ಆದೇಶ ಹೊರಡಿಸಿತು. ವಿವಾದವು ಕೋರ್ಟಿನ ಮೆಟ್ಟಿಲೇರಿತು. 1985ರಲ್ಲಿ ವಸಂತಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ತಮ್ಮ ತಮ್ಮ ಅಭಿಪ್ರಾಯಗಳನ್ನು ಬೇರೆ ಬೇರೆಯಾಗಿ ಬರೆದರೆಂದ ಮೇಲೆ, ಪ್ರಶ್ನೆಯ ಜಟಿಲತೆಯನ್ನು ಹೇಳಬೇಕಾದುದಿಲ್ಲ.

ಇಂದು ಕಾಲವು ಮತ್ತೊಂದು ತೊಡಕನ್ನು ತಂದೊಡ್ಡಿದೆ. ಸಂವಿಧಾನದ 16ನೆಯ ವಿಧಿಯ ಮೀಸಲಾತಿಯು ಸರ್ಕಾರದ ಸೇವೆಗೆ ಸೇರಿದ್ದು. ಖಾಸಗಿ ಕಂಪನಿಯ ಗೇಟಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಹೊಸ ನೌಕರಿಗಳಾದರೋ ಬಹುಪಾಲು ಆ ಗೇಟಿನ ಒಳಗೇ ಇವೆ. ವರ್ಣಭೇದದಿಂದ ಬಿಡುಗಡೆ ಹೊಂದಿದ ದಕ್ಷಿಣ ಆಫ್ರಿಕವು 1998ರ ಕಾನೂನಿನಿಂದ ದೊಡ್ಡ ಖಾಸಗಿ ಮಾಲೀಕರೂ ತಮ್ಮ ನೌಕರವರ್ಗದ ಲೆಕ್ಕವನ್ನು ಒಪ್ಪಿಸಬೇಕೆಂದು ವಿಧಿಸಿತು. ನಮಗೆ ಅದೇ ಮಾರ್ಗ ಹಿಡಿಸೀತೋ ಇಲ್ಲವೋ, ಅದು ಚರ್ಚೆಯ ಮಾತು. ಆದರೆ ಎಣಿಸದೆ ಇದ್ದ ಅನ್ಯಾಯವು ಯಾರ ಕಣ್ಣಿಗೂ ಬೀಳುವುದಿಲ್ಲವೆಂಬುದನ್ನು ಹಾವನೂರರು ನಮಗೆ ತೋರಿಸಿಕೊಟ್ಟಿದ್ದಾರೆ.