ಸದ್ದಿಲ್ಲದೆ ಸುಡುವ ಮೋಟಾರು

ಕೊಳವೆಬಾವಿಯ ಮೋಟಾರು ಸುಟ್ಟಾಗ ‘ಓಲ್ಟೇಜ್ ಸರಿ ಇಲ್ಲ’ ಎಂದು ಬೈಯುವುದು ವಾಡಿಕೆ. ಅರ್ಧ ನಿಜ. ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿ ನೋಡಿದರೆ ಎಷ್ಟೋ ಸಲ ಒಂದೋ ಎರಡೋ ಫೇಸಿನ ಸುರುಳಿ ಮಾತ್ರ ಕರಕಲಾಗಿರುತ್ತದೆ, ಉಳಿದ ತಾಮ್ರ ಇನ್ನೂ ಹೊಳೆಯುತ್ತಿರುತ್ತದೆ. ಮೂರು ಫೇಸಿನ ಕರೆಂಟು ಸಮನಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಶಾರ್ಟ್ ಸರ್ಕ್ಯೂಟನ್ನು ಹಿಡಿಯುವುದು ಮೋಟಾರನ್ನು ಕಾಯುವ ರಿಲೇಗೆ ಕಷ್ಟವಲ್ಲ. 15 ಆಂಪಿಯರ್ ಮೋಟಾರಿನ ಕೇಬಲ್ಲಿನಲ್ಲಿ ಎರಡು ತಂತಿ ತಾಗಿದರೆ ನೂರಾರು ಆಂಪಿಯರ್ ನುಗ್ಗುತ್ತದೆ. ಆದರೆ ಆರೋಗ್ಯವಾಗಿರುವ ಮೋಟಾರೂ ನೇರವಾಗಿ ಸ್ಟಾರ್ಟ್ ಆಗುವಾಗ ಆರೇಳು ಪಟ್ಟು, ಅಂದರೆ 100 ಆಂಪಿಯರಿನಷ್ಟು ಎಳೆಯುತ್ತದೆ. ಮೊದಲ ಕ್ಷಣದಲ್ಲಿ ಅದಕ್ಕೂ ಮೇಲೆ ಜಿಗಿಯುತ್ತದೆ. ಹಾಗಾಗಿ ತತ್‌ಕ್ಷಣದ ಟ್ರಿಪ್ಪನ್ನು 10–12 ಪಟ್ಟಿನ ಆಸುಪಾಸಿನಲ್ಲಿ ಇಡುತ್ತಾರೆ. ಈ ಕೆಲಸವನ್ನು ಫ್ಯೂಸ್ ಅಥವಾ ಬ್ರೇಕರ್‌ಗೇ ಬಿಡಬೇಕು. ಸ್ಟಾರ್ಟರಿನ ಕಾಂಟ್ಯಾಕ್ಟರ್ ಅಷ್ಟು ಕರೆಂಟು ಕಡಿಯಲು ಹೋದರೆ ಅದರ ಪಾಯಿಂಟುಗಳೇ ಬೆಸೆದುಕೊಂಡುಬಿಡುತ್ತವೆ.

ಅಸಮತೋಲನದ ಕಥೆ ಬೇರೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಮೋಟಾರು ನಿಲ್ಲುವುದಿಲ್ಲ. ಪೂರ್ತಿ ಲೋಡಿದ್ದರೆ ಉಳಿದೆರಡು ತಂತಿಗಳಲ್ಲಿ ಸುಮಾರು 1.7 ಪಟ್ಟು, ಅಂದರೆ 26 ಆಂಪಿಯರ್ ಎಳೆದುಕೊಂಡು ನೀರೆತ್ತುತ್ತಲೇ ಇರುತ್ತದೆ. ಶಾರ್ಟ್ ಸರ್ಕ್ಯೂಟ್ ರಿಲೇಗೆ ಇದು ಲೆಕ್ಕಕ್ಕೇ ಇಲ್ಲ.

ಈ ಅಸಮತೋಲನದ ಗಣಿತವನ್ನು 1918ರಲ್ಲಿ ಬಿಡಿಸಿಟ್ಟವರು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಫೋರ್ಟೆಸ್ಕ್ಯೂ. ಮೂರು ಅಸಮ ಕರೆಂಟುಗಳನ್ನು ಸಮತೋಲನದ ತುಂಡುಗಳಾಗಿ ಒಡೆಯಬಹುದು, ಅದರಲ್ಲೊಂದು ತುಂಡು ಹಿಮ್ಮುಖವಾಗಿ ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಎಂದು ಅವರು ತೋರಿಸಿದರು. ಗಾಣಕ್ಕೆ ಎದುರು ದಿಕ್ಕಿನಿಂದ ಇನ್ನೊಂದು ಜೋಡಿ ಎತ್ತು ಹೂಡಿದ ಹಾಗೆ. ಮುಂದಕ್ಕೆ ತಿರುಗುತ್ತಿರುವ ರೋಟರಿಗೆ ಆ ಕ್ಷೇತ್ರ ಹೆಚ್ಚುಕಡಿಮೆ 100 ಹರ್ಟ್ಸ್ ವೇಗದಲ್ಲಿ ಎದುರಾಗುತ್ತದೆ. ರೋಟರಿನ ಸರಳುಗಳ ಮೈಯೆಲ್ಲ ಕಾಯುತ್ತದೆ. ಈ ಹಿಮ್ಮುಖ ಭಾಗಕ್ಕೆ ಮೋಟಾರಿನ ತಡೆ ಬಹಳ ಕಡಿಮೆ. ಅದಕ್ಕೇ ಓಲ್ಟೇಜಿನಲ್ಲಿ ಶೇ. 3ರಷ್ಟು ವ್ಯತ್ಯಾಸವಾದರೆ ಕರೆಂಟಿನಲ್ಲಿ ಶೇ. 20 ಮೀರಬಹುದು.

ಇನ್ನೊಂದು ಮೋಸವಿದೆ. ಓಡುವ ಮೋಟಾರು ಕಳೆದುಹೋದ ಫೇಸಿನ ಓಲ್ಟೇಜನ್ನು ತಾನೇ ಹುಟ್ಟಿಸಿ ತೋರಿಸುತ್ತದೆ. ಫೇಸ್ ಹೋದಾಗ ಮೋಟಾರನ್ನು ನಿಲ್ಲಿಸಬೇಕಾದ, ಓಲ್ಟೇಜ್ ಮಾತ್ರ ನೋಡುವ ಅಗ್ಗದ ಪ್ರಿವೆಂಟರ್ ‘ಮೂರೂ ಇವೆ’ ಎಂದು ಸುಮ್ಮನಿರುವುದುಂಟು. ಸಾವಿರಾರು ರೂಪಾಯಿಯ ಮೋಟಾರಿಗೆ ಕರೆಂಟು ಅಳೆಯುವ ರಿಲೇಯನ್ನೇ ಹಾಕಿಸುವುದು ಮೇಲು. ಅದೂ ಮೂರು ಫೇಸಿಗೂ: ಟ್ರಾನ್ಸ್‌ಫಾರ್ಮರಿನ 11 ಕೆವಿ ಕಡೆ ಒಂದು ಫ್ಯೂಸ್ ಹೋದರೆ ಈಚೆ ಬದಿಯ ಒಂದು ತಂತಿಯಲ್ಲಿ ಉಳಿದೆರಡರ ದುಪ್ಪಟ್ಟು ಕರೆಂಟು ಹರಿಯುತ್ತದೆ. ಎರಡೇ ಫೇಸ್ ಕಾಯುವ ರಿಲೇ ಆ ತಂತಿಯನ್ನೇ ಬಿಟ್ಟಿರಬಹುದು.

ಸೆಟ್ಟಿಂಗ್ ಹೀಗೆ: ಓವರ್‌ಲೋಡ್ ಡಯಲ್ಲು ನಾಮಫಲಕದ ಆಂಪಿಯರಿಗೆ; ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸುರುಳಿಯ ಸಾಲಿನಲ್ಲಿದ್ದರೆ ಅದರ 0.58 ಪಟ್ಟಿಗೆ. ಸಬ್‌ಮರ್ಸಿಬಲ್ ಮೋಟಾರು ಒಂದು ಸೆಕೆಂಡಿನೊಳಗೆ ವೇಗ ಹಿಡಿಯುವುದರಿಂದ ಬೇಗ ಟ್ರಿಪ್ ಆಗುವ ‘ಕ್ಲಾಸ್ 10’ ರಿಲೇ ಸಾಕು, ಬೇಕು ಕೂಡ. ಅಸಮತೋಲನದ ಮಿತಿ ಸಾಮಾನ್ಯವಾಗಿ ಶೇ. 20ರಿಂದ 30; ಲೈನಿನ ಕ್ಷಣಿಕ ಏರುಪೇರಿಗೆಲ್ಲ ನಿಲ್ಲದಿರಲೆಂದು ಕೆಲವು ಸೆಕೆಂಡು ತಡ. ಪದೇ ಪದೇ ಟ್ರಿಪ್ ಆಗುತ್ತದೆಂದು ಡಯಲ್ಲನ್ನು 15ರಿಂದ 20ಕ್ಕೆ ತಿರುಗಿಸುವ ಮುನ್ನ ಕ್ಲಾಂಪ್ ಮೀಟರಿನಲ್ಲಿ ಮೂರೂ ತಂತಿ ಅಳೆಯಿಸಿ. ಆಮೇಲೆ ಮೂರನ್ನೂ ಒಂದೊಂದು ಸ್ಥಾನ ಸರಿಸಿ ಜೋಡಿಸಿ (ಹೀಗೆ ಮಾಡಿದರೆ ತಿರುಗುವ ದಿಕ್ಕು ಬದಲಾಗದು) ಮತ್ತೆ ಅಳೆಯಬೇಕು. ಹೆಚ್ಚಿನ ಕರೆಂಟು ಮೋಟಾರಿನ ತಂತಿಯೊಡನೆ ಸರಿದರೆ ದೋಷ ಬಾವಿಯೊಳಗಿದೆ. ಲೈನಿನ ಕಡೆಯೇ ಉಳಿದರೆ ಲೈನ್‌ಮನ್‌ಗೆ ಫೋನ್ ಮಾಡಿ.